ಸಬ್‌ಸ್ಟರ್ ಎಂಬ ಹಳೆಯ ಮೆಥಡ್ ಮತ್ತು ಕನ್ನಡ ಹೆಸರುಗಳ ಅಳತೆ

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಸ್ಟ್ರಿಂಗ್‌ನಿಂದ, ಅಂದರೆ ಅಕ್ಷರಗಳ ಸಾಲಿನಿಂದ, ತುಂಡೊಂದನ್ನು ಕತ್ತರಿಸಿ ತೆಗೆಯಲು ಮೂರು ಮೆಥಡ್‌ಗಳಿವೆ: ಸಬ್‌ಸ್ಟ್ರಿಂಗ್, ಸ್ಲೈಸ್ ಮತ್ತು ಸಬ್‌ಸ್ಟರ್. ಮೊದಲ ಎರಡಕ್ಕೆ ಎಲ್ಲಿಂದ ಎಲ್ಲಿಯವರೆಗೆ ಎಂದು ಎರಡು ಸ್ಥಾನಗಳನ್ನು ಕೊಡಬೇಕು. ಮೂರನೆಯದಕ್ಕೆ ಮಾತ್ರ ಎಲ್ಲಿಂದ, ಎಷ್ಟು ಎಂದು ಹೇಳಬೇಕು. ಈ ಮೂರನೆಯದನ್ನು ಇಂದಿನ ಎಡಿಟರ್‌ಗಳಲ್ಲಿ ಬರೆದ ಕೂಡಲೇ ಅದರ ಹೆಸರಿನ ಮೇಲೆ ಅಡ್ಡಗೆರೆಯೊಂದು ಬೀಳುತ್ತದೆ, ಏಕೆಂದರೆ ಆ ಎಡಿಟರ್‌ಗಳು ನೋಡುವ, ಟೈಪ್‌ಸ್ಕ್ರಿಪ್ಟ್ ಎಂಬ ಸೋದರ ಭಾಷೆಯ ಘೋಷಣಾ ಕಡತಗಳಲ್ಲಿ ಇದು ಹಳೆಯ ಬ್ರೌಸರ್‌ಗಳ ಹೊಂದಾಣಿಕೆಗಾಗಿ ಮಾತ್ರ ಉಳಿದಿರುವ ಸೌಲಭ್ಯವೆಂದು ಗುರುತು ಹಾಕಲಾಗಿದೆ. ಗೆರೆ ಬಿದ್ದರೂ ಕೋಡ್ ಎಂದಿನಂತೆ ಓಡುತ್ತದೆ. ಯಾವ ಬ್ರೌಸರಿನಲ್ಲೂ ಅದು ನಿಂತಿಲ್ಲ, ನಿಲ್ಲುವ ಸೂಚನೆಯೂ ಇಲ್ಲ.

ಮುಂಬಯಿಯ ಉಪನಗರವೊಂದರ ಕನ್ನಡ ಸಂಘದ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದು ಕೆಲವು ಕಾಲವಾಯಿತು. ಸದಸ್ಯರ ಪಟ್ಟಿ, ಗುರುತಿನ ಚೀಟಿಯ ಮುದ್ರಣ, ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗಾಗಿ ವಿಳಾಸಗಳ ವಿಂಗಡಣೆ, ಸಭೆಗಳ ಎಸ್ಎಂಎಸ್ ಸೂಚನೆ, ಇಷ್ಟೇ ಅದರ ವ್ಯಾಪ್ತಿ. ಹೆಸರುಗಳನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇಟ್ಟುಕೊಳ್ಳಬೇಕಾಗುತ್ತದೆ, ಏಕೆಂದರೆ ಇಲ್ಲಿಯೇ ಹುಟ್ಟಿ ಬೆಳೆದ ಸದಸ್ಯರಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಸರಾಗವಾಗಿ ಆಡಿದರೂ ಓದಿದ್ದು ಮರಾಠಿ ಅಥವಾ ಇಂಗ್ಲಿಷ್ ಶಾಲೆಯಲ್ಲಿ. ಹಿಂದೆ ಯಾರೋ ಉತ್ಸಾಹಿಗಳು ಕಚೇರಿಯ ಬಿಡುವಿನಲ್ಲಿ ಬರೆದುಕೊಟ್ಟ ಆ ಕೋಡಿನ ಉದ್ದಕ್ಕೂ ಸಬ್‌ಸ್ಟರ್ ಹರಡಿಕೊಂಡಿತ್ತು. ಅದನ್ನು ತೆಗೆಯಬೇಕೆ, ಇರಗೊಡಬೇಕೆ ಎಂದು ಒಂದೊಂದೇ ಸಾಲನ್ನು ನೋಡುತ್ತ ಹೋದಾಗ, ಅದರ ವಿರುದ್ಧ ಸಾಮಾನ್ಯವಾಗಿ ಕೊಡುವ ಕಾರಣ ದುರ್ಬಲವಾದದ್ದೆಂದೂ, ಯಾರೂ ಅಷ್ಟಾಗಿ ಎತ್ತದ ಇನ್ನೊಂದು ಕಾರಣ ಕನ್ನಡದ ಮಟ್ಟಿಗೆ ಬಲವಾದದ್ದೆಂದೂ ನನಗೆ ಕಂಡಿತು.

ಸಾಮಾನ್ಯ ಕಾರಣವೆಂದರೆ ಅದು ಮಾನಕಕ್ಕೆ, ಅಂದರೆ ಭಾಷೆ ಹೇಗಿರಬೇಕೆಂದು ಹೇಳುವ ಅಧಿಕೃತ ದಾಖಲೆಗೆ, ಹೊರಗಿನದು ಎಂಬುದು. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರೆಂಡನ್ ಐಕ್ ಅವರು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಗಾಗಿ ಈ ಭಾಷೆಯ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಕಟ್ಟಿದರು. ಮರುವರ್ಷವೇ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಜೆಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ಅದರದೇ ಪ್ರತಿರೂಪವನ್ನು ತಂದಿತು. ಎರಡು ಬ್ರೌಸರ್‌ಗಳು ಎರಡು ದಾರಿ ಹಿಡಿಯಬಾರದೆಂದು ಜಿನೀವಾದ ಎಕ್ಮಾ ಸಂಸ್ಥೆ 1997ರಲ್ಲಿ ಮೊದಲ ಮಾನಕವನ್ನು ಪ್ರಕಟಿಸಿದಾಗ ಅದರಲ್ಲಿದ್ದದ್ದು ಸಬ್‌ಸ್ಟ್ರಿಂಗ್ ಒಂದೇ. 1999ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಸ್ಲೈಸ್ ಮುಖ್ಯ ಭಾಗಕ್ಕೆ ಸೇರಿತು. ಸಬ್‌ಸ್ಟರ್‌ಗೆ ದೊರೆತದ್ದು ಕೊನೆಯ ಪುಟಗಳ ‘ಅನುಬಂಧ ಬಿ’. ಆ ಅನುಬಂಧ ಆಗ ಕೇವಲ ತಿಳಿವಳಿಕೆಗಾಗಿ ಇದ್ದದ್ದು, ಪಾಲಿಸಲೇಬೇಕೆಂಬ ಕಟ್ಟಳೆ ಇರಲಿಲ್ಲ. ಮಾನಕದಲ್ಲಿ ಇದ್ದೂ ಇಲ್ಲದಂತಿರುವ ಅದರ ಸ್ಥಿತಿ ಅಲ್ಲಿಂದ ಆರಂಭವಾಯಿತು. ಪರ್ಲ್, ಪಿಎಚ್‌ಪಿ, ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ಇದೇ ಹೆಸರಿನ, ಇದೇ ರೀತಿ ಆರಂಭ ಮತ್ತು ಉದ್ದವನ್ನು ಕೇಳುವ ಸೌಲಭ್ಯ ಇದ್ದುದರಿಂದ ಆ ಕಡೆಯಿಂದ ಬಂದ ಪ್ರೋಗ್ರಾಮರ್‌ಗಳ ಕೈಗೆ ಮೊದಲು ಸಿಕ್ಕಿದ್ದೂ ಇದೇ. ನಮ್ಮ ಸಂಘದ ಜಾಲತಾಣದ ಸರ್ವರ್ ಭಾಗವೂ ಪಿಎಚ್‌ಪಿಯಲ್ಲಿದೆ. ಹಿಂದಿನವರು ಒಂದೇ ಹೆಸರನ್ನು ಎರಡೂ ಕಡೆ ಬಳಸಿದ್ದರಲ್ಲಿ ಆಶ್ಚರ್ಯವಿಲ್ಲ.

2015ರ ಆರನೆಯ ಆವೃತ್ತಿಯಲ್ಲಿ ಈ ಅನುಬಂಧದ ಸ್ವರೂಪವೇ ಬದಲಾಯಿತು. ಬ್ರೌಸರ್ ತಯಾರಿಸುವವರೆಲ್ಲರೂ ಅದನ್ನು ಪಾಲಿಸಲೇಬೇಕೆಂದು ಮಾನಕವೇ ಹೇಳಿತು, ಜೊತೆಗೆ ಇವುಗಳಲ್ಲಿ ಪ್ರತಿಯೊಂದಕ್ಕೂ ಏನಾದರೊಂದು ದೋಷವಿದೆಯೆಂದೂ, ಹಳೆಯ ಪುಟಗಳು ಇವನ್ನು ನೆಚ್ಚಿಕೊಂಡಿರದಿದ್ದರೆ ತೆಗೆದುಹಾಕುತ್ತಿದ್ದೆವೆಂದೂ ಸೇರಿಸಿತು. ಅಂದರೆ ಸಬ್‌ಸ್ಟರ್ ಇಂದು ಬ್ರೌಸರ್‌ಗಳ ಪಾಲಿಗೆ ಕಡ್ಡಾಯ, ಬರೆಯುವವರ ಪಾಲಿಗೆ ಬೇಡ. ಇಂಥದ್ದನ್ನು ಮಾನಕವಲ್ಲದ್ದು ಎಂದು ಕರೆದು ಹೆದರಿಸುವುದರಲ್ಲಿ ಅರ್ಥವಿಲ್ಲ. ಲಕ್ಷಾಂತರ ಹಳೆಯ ಪುಟಗಳು ಅದರ ಮೇಲೆ ನಿಂತಿರುವವರೆಗೆ ಅದನ್ನು ಕೀಳುವ ಧೈರ್ಯ ಯಾರಿಗೂ ಬರಲಾರದು. ಅದೇ ಅನುಬಂಧದಲ್ಲಿ ಬೋಲ್ಡ್, ಬಿಗ್, ಫಾಂಟ್‌ಕಲರ್ ಎಂಬ ಸ್ಟ್ರಿಂಗ್ ಮೆಥಡ್‌ಗಳೂ ಇವೆ. ಇವು ಕೊಟ್ಟ ಪಠ್ಯದ ಸುತ್ತ ಎಚ್‌ಟಿಎಂಎಲ್ ಟ್ಯಾಗ್ ಸುತ್ತಿ ಕೊಡುತ್ತವೆ. ಬ್ಲಿಂಕ್ ಎಂಬುದೂ ಇದೆ. ಪಠ್ಯವನ್ನು ಮಿಣುಕಿಸುವ ಆ ಟ್ಯಾಗನ್ನು ಫೈರ್‌ಫಾಕ್ಸ್ 2013ರಲ್ಲಿ ಕೈಬಿಟ್ಟಿತು, ಕ್ರೋಮ್ ಎಂದೂ ಒಪ್ಪಿಕೊಂಡಿರಲಿಲ್ಲ. ಆದರೂ ಯಾವ ಬ್ರೌಸರೂ ಮಿಣುಕಿಸದ ಆ ಟ್ಯಾಗನ್ನು ಬ್ಲಿಂಕ್ ಮೆಥಡ್ ಇಂದಿಗೂ ಶ್ರದ್ಧೆಯಿಂದ ತಯಾರಿಸಿ ಕೊಡುತ್ತಿದೆ.

ನಿಜವಾಗಿಯೂ ಮಾನಕದ ಹೊರಗಿದ್ದವುಗಳ ಗತಿ ಬೇರೆ. ಫೈರ್‌ಫಾಕ್ಸ್‌ನಲ್ಲಿ ಮಾತ್ರ ಇದ್ದ ಕೋಟ್ ಎಂಬ ಸ್ಟ್ರಿಂಗ್ ಮೆಥಡ್ ಅನ್ನು 37ನೆಯ ಆವೃತ್ತಿಯಲ್ಲಿ ತೆಗೆದುಹಾಕಿದರು. ಅದನ್ನು ನೆಚ್ಚಿದ್ದ ಕೋಡ್ ಅಂದೇ ಮುರಿಯಿತು. ಕಂಟೇನ್ಸ್ ಎಂಬ ಹೆಸರಿನದು ಇನ್ನೂ ಸ್ವಾರಸ್ಯಕರವಾದದ್ದು. ಒಂದು ಸ್ಟ್ರಿಂಗ್‌ನೊಳಗೆ ಇನ್ನೊಂದಿದೆಯೇ ಎಂದು ಹೇಳುವ ಈ ಮೆಥಡ್ ಫೈರ್‌ಫಾಕ್ಸ್‌ಗೆ ಬಂದಾಗ ಮೂಟೂಲ್ಸ್ ಎಂಬ ಆ ಕಾಲದ ಸಿದ್ಧ ಕೋಡಿನ ಲೈಬ್ರರಿಯನ್ನು ಬಳಸುತ್ತಿದ್ದ ಜಾಲತಾಣಗಳು ಕೆಟ್ಟವು, ಏಕೆಂದರೆ ಆ ಲೈಬ್ರರಿ ಅದೇ ಹೆಸರಿನಲ್ಲಿ, ಆದರೆ ಸ್ವಲ್ಪ ಬೇರೆ ನಡತೆಯ ತನ್ನದೇ ಮೆಥಡ್ ಅನ್ನು ಸೇರಿಸುತ್ತಿತ್ತು, ಮತ್ತು ಬ್ರೌಸರಿನಲ್ಲಿ ಆಗಲೇ ಒಂದಿದ್ದರೆ ತನ್ನದನ್ನು ಸೇರಿಸದೆ ಸುಮ್ಮನಾಗುತ್ತಿತ್ತು. ಕೊನೆಗೆ ಮಾನಕವೇ ತಗ್ಗಿ ಆ ಹೆಸರನ್ನು ಇನ್‌ಕ್ಲೂಡ್ಸ್ ಎಂದು ಬದಲಿಸಿತು. ಒಮ್ಮೆ ಊರಿಗೆ ಬಿದ್ದ ಹೆಸರನ್ನು ಹಿಂದಕ್ಕೆ ಪಡೆಯಲಾಗದು ಎಂಬುದಕ್ಕೆ ಕನ್ನಡದೇ ಒಂದು ಸಾಕ್ಷಿ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ‘ಕನ್ನಡ ಲೆಟರ್ ಫ’ ಎಂಬ ಹೆಸರು ಬಿದ್ದಿದೆ. ಹೆಸರುಗಳನ್ನು ಎಂದಿಗೂ ಬದಲಿಸಬಾರದೆಂಬ ನಿಯಮ ಇರುವುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಬರೆದು ತಪ್ಪನ್ನು ಹಾಗೆಯೇ ಉಳಿಸಿದ್ದಾರೆ.

ಆದ್ದರಿಂದ ಸಬ್‌ಸ್ಟರ್ ನಾಳೆ ಮಾಯವಾದೀತು ಎಂಬ ಭಯದಿಂದ ಅದನ್ನು ಬಿಡಬೇಕಾಗಿಲ್ಲ. ಮೂರು ಮೆಥಡ್‌ಗಳ ನಡತೆಯಲ್ಲಿರುವ ಗೊಂದಲ ಅದಕ್ಕಿಂತ ಗಟ್ಟಿಯಾದ ಕಾರಣ. ಸಬ್‌ಸ್ಟ್ರಿಂಗ್‌ಗೆ ಐದರಿಂದ ಎರಡರವರೆಗೆ ಎಂದು ತಿರುವುಮುರುವಾಗಿ ಹೇಳಿದರೆ ಅದು ತಾನೇ ಅದಲುಬದಲು ಮಾಡಿಕೊಂಡು ಎರಡರಿಂದ ಐದರವರೆಗೆ ಕೊಡುತ್ತದೆ. ಸ್ಲೈಸ್ ಅದೇ ಮಾತಿಗೆ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಸಬ್‌ಸ್ಟರ್ ಮಾತ್ರ ಐದನೆಯ ಸ್ಥಾನದಿಂದ ಎರಡು ಎಂದು ಅರ್ಥಮಾಡಿಕೊಳ್ಳುತ್ತದೆ. ಋಣ ಸಂಖ್ಯೆ ಕೊಟ್ಟರೆ ಸಬ್‌ಸ್ಟ್ರಿಂಗ್ ಅದನ್ನು ಸೊನ್ನೆಯೆಂದು ತಿಳಿಯುತ್ತದೆ, ಉಳಿದೆರಡು ಕೊನೆಯಿಂದ ಹಿಂದಕ್ಕೆ ಎಣಿಸುತ್ತವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ 8ನೆಯ ಆವೃತ್ತಿಯವರೆಗೂ ಸಬ್‌ಸ್ಟರ್ ಕೂಡ ಋಣ ಆರಂಭವನ್ನು ಸೊನ್ನೆಯೆಂದೇ ಎಣಿಸುತ್ತಿತ್ತು. ನಮ್ಮ ಕೋಡಿನ ಹಳೆಯ ಭಾಗಗಳಲ್ಲಿ ಒಟ್ಟು ಉದ್ದದಿಂದ ಆರನ್ನು ಕಳೆದು ಆರಂಭವನ್ನು ಲೆಕ್ಕಹಾಕಿದ್ದು, ಹೊಸ ಭಾಗಗಳಲ್ಲಿ ನೇರವಾಗಿ ಋಣ ಆರು ಎಂದು ಬರೆದಿದ್ದು ಏಕೆಂದು ಇದರಿಂದ ತಿಳಿಯಿತು. ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಇದನ್ನು ತೆರೆಯುವವರು ಒಂದು ಕಾಲದಲ್ಲಿ ಇದ್ದರೆಂದೇ ಅದರ ಅರ್ಥ.

ಆ ಆರು ಎಂದರೆ ಪಿನ್ ಕೋಡ್. ವಿಳಾಸದ ಕೊನೆಯಲ್ಲಿ ಪಿನ್ ಕೋಡ್ ಇರುತ್ತದೆಂದು ನಂಬಿ, ಕೊನೆಯಿಂದ ಆರನೆಯ ಸ್ಥಾನದಿಂದ ಮೂರು ಅಂಕಿಗಳನ್ನು ತೆಗೆದು ಅಂಚೆಯ ವಿಂಗಡಣಾ ಜಿಲ್ಲೆಯ ಪ್ರಕಾರ ಆಮಂತ್ರಣಗಳ ಕಟ್ಟು ಮಾಡುವ ವ್ಯವಸ್ಥೆ ಅದು. ಮಾಟುಂಗದ 400019 ಇರಲಿ, ವಾಶಿಯ 400703 ಇರಲಿ, ಮೊದಲ ಮೂರು ಅಂಕಿ 400, ಮೀರಾ ರೋಡ್ ಮತ್ತು ವಸಯಿ 401, ಡೊಂಬಿವಲಿ 421. ಇದನ್ನು ಸ್ಲೈಸ್‌ಗೆ ಬದಲಿಸುವುದು ಮೇಲ್ನೋಟಕ್ಕೆ ಬಹಳ ಸುಲಭ: ಆರಂಭಕ್ಕೆ ಉದ್ದವನ್ನು ಕೂಡಿಸಿದರೆ ಕೊನೆಯ ಸ್ಥಾನ ಸಿಗುತ್ತದೆ, ಋಣ ಆರಕ್ಕೆ ಮೂರನ್ನು ಕೂಡಿಸಿದರೆ ಋಣ ಮೂರು, ಅಲ್ಲಿಗೆ ಮುಗಿಯಿತು. ಆದರೆ ಅದೇ ಸೂತ್ರವನ್ನು ಕೊನೆಯ ಮೂರು ಅಂಕಿಗಳಿಗೆ ಹಚ್ಚಿದರೆ ಋಣ ಮೂರಕ್ಕೆ ಮೂರನ್ನು ಕೂಡಿಸಿ ಸೊನ್ನೆ ಬರುತ್ತದೆ. ಸ್ಲೈಸ್‌ನ ದೃಷ್ಟಿಯಲ್ಲಿ ಸೊನ್ನೆ ಎಂದರೆ ಸ್ಟ್ರಿಂಗ್‌ನ ಮೊದಲು, ಕೊನೆಯಲ್ಲ, ಆದ್ದರಿಂದ ಉತ್ತರ ಖಾಲಿ. ದೋಷ ಸಂದೇಶ ಏನೂ ಬರುವುದಿಲ್ಲ, ಪಟ್ಟಿಯಲ್ಲಿ ಒಂದು ಕಲಂ ಬರಿದಾಗುತ್ತದೆ ಅಷ್ಟೇ. ಇನ್ನು ಯಾರಾದರೂ ಉಳಿದ ವಿಳಾಸವನ್ನೇ ಬರೆಯದೆ ಬರೀ 4212 ಎಂದು ಅರ್ಧಕ್ಕೆ ಬಿಟ್ಟಿದ್ದರೆ ಸಬ್‌ಸ್ಟರ್ 421 ಎಂಬ ಸರಿಯಾದ ಉತ್ತರವನ್ನು ಅದೃಷ್ಟವಶಾತ್ ಕೊಡುತ್ತದೆ, ಸ್ಲೈಸ್ ಬರೀ 4 ಎಂಬ ಒಂದೇ ಅಂಕಿ ಕೊಡುತ್ತದೆ. ಎಡಿಟರ್ ಗೆರೆ ಹಾಕಿತೆಂದು ಇಡೀ ಕಡತದಲ್ಲಿ ಹುಡುಕಿ ಬದಲಿಸುವವರು ಈ ಎರಡು ಸಂದರ್ಭಗಳನ್ನು ಪರೀಕ್ಷಿಸದೆ ಮುಂದೆ ಹೋಗಬಾರದು. ಪಿನ್ ಕೋಡ್‌ಗೆ ನಾನು ಎರಡನ್ನೂ ಬಿಟ್ಟು, ವಿಳಾಸದ ಕೊನೆಯಲ್ಲಿ ಸರಿಯಾಗಿ ಆರು ಅಂಕಿಗಳಿವೆಯೇ ಎಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಮಾದರಿ ಸೂತ್ರದ ಮೂಲಕ ಹುಡುಕಿ, ಇಲ್ಲದಿದ್ದರೆ ಆ ವಿಳಾಸವನ್ನು ಕಾರ್ಯದರ್ಶಿಗಳ ಕಣ್ಣಿಗೆ ಬೀಳುವಂತೆ ಬೇರೆ ಇಟ್ಟೆ.

ಇದುವರೆಗಿನ ಗೊಂದಲ ಜಗತ್ತಿನ ಎಲ್ಲ ಪ್ರೋಗ್ರಾಮರ್‌ಗಳಿಗೂ ಸಮಾನವಾದದ್ದು. ನಮಗೆ ಮಾತ್ರ ಬರುವ ತೊಂದರೆ ಗುರುತಿನ ಚೀಟಿಯಲ್ಲಿತ್ತು. ಚೀಟಿಯ ಮೇಲೆ ಹೆಸರಿಗೆ ಇರುವ ಜಾಗ ಕಿರಿದು, ಹಾಗಾಗಿ ಮೊದಲ ಸ್ಥಾನವಾದ ಸೊನ್ನೆಯಿಂದ ಹನ್ನೆರಡು ಎಂದು ಸಬ್‌ಸ್ಟರ್ ಹಾಕಿ ಹೆಸರನ್ನು ಮೊಟಕು ಮಾಡಿದ್ದರು. ಜಾವಾಸ್ಕ್ರಿಪ್ಟ್ ಸ್ಟ್ರಿಂಗ್ ಎಂದರೆ ಹದಿನಾರು ಬಿಟ್‌ಗಳ ಯುನಿಟ್‌ಗಳ ಸಾಲು; ಕನ್ನಡದ ಮಟ್ಟಿಗೆ ಪ್ರತಿಯೊಂದು ವ್ಯಂಜನ, ಪ್ರತಿಯೊಂದು ಸ್ವರಚಿಹ್ನೆ, ಅನುಸ್ವಾರದ ಸೊನ್ನೆ, ಮತ್ತು ಒತ್ತಕ್ಷರ ಹುಟ್ಟಿಸುವ ವಿರಾಮ ಚಿಹ್ನೆ (‘ಕ್’ನಲ್ಲಿರುವಂಥದ್ದು), ಇವೆಲ್ಲ ಒಂದೊಂದು ಯುನಿಟ್. ‘ಪ್ರಭಾಕರ ಶೆಟ್ಟಿ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಪ್ರ, ಭಾ, ಕ, ರ, ಶೆ, ಟ್ಟಿ ಎಂಬ ಆರು ಅಕ್ಷರ. ಯಂತ್ರದ ಲೆಕ್ಕದಲ್ಲಿ ನಡುವಿನ ಖಾಲಿ ಜಾಗವೂ ಸೇರಿ ಹದಿನಾಲ್ಕು. ಹನ್ನೆರಡಕ್ಕೆ ಕತ್ತರಿಸಿದರೆ ಉಳಿಯುವುದು ‘ಪ್ರಭಾಕರ ಶೆಟ್’. ಹೋಟೆಲಿನ ಹುಡುಗರು ಗಲ್ಲೆಯ ಮೇಲೆ ಕುಳಿತ ಧಣಿಯನ್ನು ಶೇಟ್ ಎಂದೇ ಕರೆಯುವ ಊರಿದು. ಚೀಟಿಯನ್ನು ಕೈಗೆ ತೆಗೆದುಕೊಂಡ ಹಿರಿಯ ಸದಸ್ಯರೊಬ್ಬರು, “ಏನು ಮಾರಾಯ್ರೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನನ್ನು ಶೇಟ್ ಮಾಡಿಬಿಟ್ಟಿರಲ್ಲ” ಎಂದು ನಕ್ಕರು.

ಅವರು ನಕ್ಕು ಬಿಟ್ಟರು, ಆದರೆ ಎಲ್ಲ ತುಂಡುಗಳೂ ಹೀಗೆ ಎದ್ದು ಕಾಣುವುದಿಲ್ಲ. ‘ಸುಧಾಕರ ಕುಲಕರ್ಣಿ’ ಹನ್ನೆರಡಕ್ಕೆ ‘ಸುಧಾಕರ ಕುಲಕರ’ ಆಗುತ್ತದೆ. ಅರ್ಕಾವತ್ತು ಹೋಗಿ ಪೂರ್ಣ ರಕಾರ ಬಂದು ಕೂರುತ್ತದೆ. ‘ಸದಾನಂದ ಪೂಜಾರಿ’ ಹದಿಮೂರು ಯುನಿಟ್‌ಗಳ ಹೆಸರು. ಹನ್ನೆರಡಕ್ಕೆ ನಿಲ್ಲಿಸಿದರೆ ಕೊನೆಯ ಗುಡಿಸು ಮಾತ್ರ ಕಳಚಿ ‘ಸದಾನಂದ ಪೂಜಾರ’ ಎಂದಾಗುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಪೂಜಾರ ಎಂಬುದು ಉತ್ತರ ಕರ್ನಾಟಕದಲ್ಲಿ ನಿಜವಾಗಿಯೂ ಇರುವ ಅಡ್ಡಹೆಸರು. ಚೀಟಿಯನ್ನು ನೋಡಿದ ಯಾರಿಗೂ ಅಲ್ಲಿ ಏನೋ ಕತ್ತರಿಸಿಹೋಗಿದೆ ಎಂಬ ಅನುಮಾನ ಬಾರದು; ಉಡುಪಿ ಕಡೆಯ ಮನುಷ್ಯ ಸದ್ದಿಲ್ಲದೆ ಧಾರವಾಡದ ಕಡೆಯವನಾಗುತ್ತಾನೆ. ಇಂಗ್ಲಿಷ್ ಹೆಸರನ್ನು ಅರ್ಧಕ್ಕೆ ನಿಲ್ಲಿಸಿದರೆ ಅದು ಅರ್ಧವಾದ ಹೆಸರಾಗಿಯೇ ಕಾಣುತ್ತದೆ. ಕನ್ನಡದಲ್ಲಿ ತುಂಡಾದ ಮೇಲೂ ಅದು ಪೂರ್ತಿಯಾದ, ಬೇರೆಯೇ ಆದ ಅಕ್ಷರವಾಗಿ ನಿಲ್ಲುತ್ತದೆ, ಏಕೆಂದರೆ ವ್ಯಂಜನಕ್ಕೆ ತಾನಾಗಿಯೇ ಅಕಾರ ಕೂಡಿಕೊಳ್ಳುವುದು ನಮ್ಮ ಲಿಪಿಯ ಗುಣ. ಭಾರತದ ಲಿಪಿಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದ ಇಸ್ಕಿ ಮಾನಕದಲ್ಲಿ ಈ ಗುಣವನ್ನೇ ಆಧಾರವಾಗಿಟ್ಟುಕೊಂಡು ವ್ಯಂಜನ, ಚಿಹ್ನೆ, ವಿರಾಮ ಎಂದು ಸಂಕೇತಗಳನ್ನು ಹಂಚಿದರು, ಯೂನಿಕೋಡ್ ಅದೇ ವಿನ್ಯಾಸವನ್ನು ಅನುಸರಿಸಿತು. ವಿನ್ಯಾಸದಲ್ಲಿ ತಪ್ಪಿಲ್ಲ, ಅದನ್ನು ಎಣಿಸುವ ರೀತಿಯಲ್ಲಿ ತಪ್ಪಿದೆ.

ಇದಕ್ಕೆ ಸಬ್‌ಸ್ಟರ್ ಒಂದನ್ನೇ ದೂರಲಾಗದು ಎಂದು ಯಾರಾದರೂ ಹೇಳಬಹುದು, ಮತ್ತು ಅದು ನ್ಯಾಯವೇ. ಸೊನ್ನೆಯಿಂದ ಹನ್ನೆರಡರವರೆಗೆ ಎಂದು ಸ್ಲೈಸ್‌ಗೆ ಹೇಳಿದರೂ ಪೂಜಾರಿ ಪೂಜಾರನೇ ಆಗುತ್ತಾನೆ. ಮಾನಕದ ಮುಖ್ಯ ಭಾಗದಲ್ಲಿದ್ದ ಮಾತ್ರಕ್ಕೆ ಅದಕ್ಕೆ ಕನ್ನಡ ಬರುವುದಿಲ್ಲ. ಆದರೂ ಎರಡರ ನಡುವೆ ಒಂದು ವ್ಯತ್ಯಾಸವಿದೆ, ನನ್ನ ವಾದ ನಿಂತಿರುವುದು ಅದರ ಮೇಲೆ. ಸ್ಲೈಸ್ ಸ್ಥಾನಗಳನ್ನು ಕೇಳುತ್ತದೆ. ಸ್ಥಾನಗಳು ಹೆಚ್ಚಿನ ಸಲ ಎಲ್ಲಿಂದಲೋ ಹುಡುಕಿ ತಂದವುಗಳಾಗಿರುತ್ತವೆ: ಖಾಲಿ ಜಾಗ ಎಲ್ಲಿದೆ, ಅಲ್ಪವಿರಾಮ ಎಲ್ಲಿದೆ, ಆವರಣ ಎಲ್ಲಿ ಮುಚ್ಚಿತು ಎಂದು ಪಠ್ಯವನ್ನೇ ಕೇಳಿ ಪಡೆದ ಗಡಿಗಳು. ಅಂಥ ಗಡಿಯಲ್ಲಿ ಕತ್ತರಿಸಿದರೆ ಕನ್ನಡಕ್ಕೆ ಯಾವ ಗಾಯವೂ ಆಗುವುದಿಲ್ಲ, ಯುನಿಟ್‌ಗಳ ಲೆಕ್ಕ ಏನೇ ಇರಲಿ. ಸಬ್‌ಸ್ಟರ್ ಮಾತ್ರ ಎಷ್ಟು ಎಂದು ಕೇಳುತ್ತದೆ, ಆ ಎಷ್ಟನ್ನು ಬರೆಯುವವನು ತನ್ನ ತಲೆಯಿಂದ ತೆಗೆದು ಟೈಪ್ ಮಾಡುತ್ತಾನೆ. ಹನ್ನೆರಡು, ಇಪ್ಪತ್ತು, ಐವತ್ತು ಎಂಬ ಆ ಸಂಖ್ಯೆಗಳ ಹಿಂದೆ ಅಕ್ಷರಗಳನ್ನು ಎಣಿಸಬಹುದೆಂಬ ನಂಬಿಕೆ ಇರುತ್ತದೆ. ನಮ್ಮ ಕೋಡಿನಲ್ಲಿದ್ದ ಸಬ್‌ಸ್ಟರ್ ಸಾಲುಗಳಲ್ಲಿ ಪಿನ್ ಕೋಡಿನವುಗಳನ್ನು ಬಿಟ್ಟರೆ ಮಿಕ್ಕ ಬಹುಪಾಲು ಇಂಥ ಅಂದಾಜಿನ ಸಂಖ್ಯೆಗಳನ್ನೇ ಹೊತ್ತಿದ್ದವು. ಸ್ಲೈಸ್ ಇದ್ದ ಕಡೆ ಅದರ ಹಿಂದಿನ ಸಾಲಿನಲ್ಲಿ ಏನನ್ನೋ ಹುಡುಕಿದ ಗುರುತಿತ್ತು.

ಎಣಿಕೆ ಇನ್ನೂ ಎರಡು ಕಡೆ ಜಾರುತ್ತದೆ. ‘ರಾಜ್‌ಕುಮಾರ್’ ಎಂದು ಬರೆದಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಕೀಲಿಮಣೆ ಸೇರಿಸುತ್ತದೆ, ಅದಕ್ಕೂ ಒಂದು ಯುನಿಟ್ ಲೆಕ್ಕ. ಓಕಾರದ್ದು ಇನ್ನೊಂದು ಬಗೆ: ‘ಗೋವಿಂದ’ ಎಂಬಲ್ಲಿನ ಓಕಾರ ಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿಬಿಡಿಯಾಗಿ ಮೂರು ಸಂಕೇತಗಳಾಗಿಯೂ ಇರಬಹುದು, ಪರದೆಯ ಮೇಲೆ ಎರಡೂ ಒಂದೇ. ಒಂದು ರೂಪದಲ್ಲಿ ಆ ಹೆಸರಿನ ಉದ್ದ ಆರು, ಇನ್ನೊಂದರಲ್ಲಿ ಎಂಟು. 2015ರ ಮಾನಕದೊಂದಿಗೆ ಬಂದ ನಾರ್ಮಲೈಸ್ ಎಂಬ ಮೆಥಡ್ ಇವೆರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಸದಸ್ಯರ ಹೆಸರು ಡೇಟಾಬೇಸ್‌ಗೆ ಇಳಿಯುವ ಮೊದಲೇ ಅದನ್ನು ಓಡಿಸಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಹುಡುಕಾಟದಲ್ಲಿ ಗೋವಿಂದರು ಎದುರಿಗಿದ್ದೂ ಸಿಗದೆ ಹೋಗುತ್ತಾರೆ.

ಹಾಗಾದರೆ ಅಕ್ಷರವನ್ನು ಅಕ್ಷರವಾಗಿಯೇ ಎಣಿಸುವ ಉಪಾಯ ಭಾಷೆಯಲ್ಲಿ ಇಲ್ಲವೇ ಎಂದರೆ, ಇಂಟ್ಲ್ ಸೆಗ್ಮೆಂಟರ್ ಎಂಬುದಿದೆ. ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ, ಫೈರ್‌ಫಾಕ್ಸ್‌ಗೆ 2024ರ ಏಪ್ರಿಲ್‌ನಲ್ಲಿ ಬಂದ ಇದು ಪಠ್ಯವನ್ನು ಓದುಗನ ಕಣ್ಣಿಗೆ ಒಂದೊಂದಾಗಿ ಕಾಣುವ ಘಟಕಗಳಾಗಿ ಬಿಡಿಸುತ್ತದೆ. ಸ್ವರಚಿಹ್ನೆಗಳನ್ನು ವ್ಯಂಜನದಿಂದ ಅಗಲಿಸುವುದಿಲ್ಲ, ಸೊನ್ನೆಯನ್ನು ಒಂಟಿಯಾಗಿ ಬಿಡುವುದಿಲ್ಲ. ಪೂಜಾರಿಯ ಗುಡಿಸು ಇದರ ಕೈಯಲ್ಲಿ ಸುರಕ್ಷಿತ. ಆದರೆ ಒತ್ತಕ್ಷರಕ್ಕೆ ಬಂದಾಗ ‘ಕನ್ನಡ’ ಎಂಬ ಪದವನ್ನೇ ಅದು ಕ, ನ್, ನ, ಡ ಎಂದು ನಾಲ್ಕಾಗಿ ಒಡೆಯುತ್ತದೆ. ‘ಲಕ್ಷ್ಮಿ’ ಎಂಬ ಎರಡು ಅಕ್ಷರದ ಹೆಸರು ಲ, ಕ್, ಷ್, ಮಿ ಆಗುತ್ತದೆ. ವಿರಾಮ ಚಿಹ್ನೆ ಬಂದ ಕೂಡಲೇ ಘಟಕ ಮುಗಿಯಿತೆಂಬುದು ಯೂನಿಕೋಡ್‌ನ ಮೂಲ ನಿಯಮವಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 15.1 ಈ ನಿಯಮವನ್ನು ತಿದ್ದಿ, ವಿರಾಮದ ನಂತರ ವ್ಯಂಜನ ಬಂದರೆ ಎರಡನ್ನೂ ಒಂದೇ ಘಟಕವಾಗಿ ಹಿಡಿಯಬೇಕೆಂದಿತು. ಆದರೆ ಆ ತಿದ್ದುಪಡಿ ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಒತ್ತಕ್ಷರದ ನಡತೆಯಲ್ಲಿ ತೆಲುಗು ನಮಗೆ ಎಷ್ಟು ಹತ್ತಿರವೆಂದು ಬಲ್ಲವರಿಗೆ ಇದು ವಿಚಿತ್ರವಾಗಿ ತೋರುತ್ತದೆ, ನನಗೂ ತೋರಿತು.

ಮುಂಬಯಿಯಲ್ಲಿ ಇದರ ಪರಿಣಾಮ ಒಂದೇ ಪರದೆಯ ಮೇಲೆ ಕಾಣಸಿಗುತ್ತದೆ. ಹೊಸ ನಿಯಮವನ್ನು ಅಳವಡಿಸಿಕೊಂಡ ಬ್ರೌಸರಿನಲ್ಲಿ ಮರಾಠಿ ಕಲಮಿನ ‘ಶ್ರೀ’ ಒಂದು ಘಟಕವಾದರೆ ಪಕ್ಕದ ಕನ್ನಡ ಕಲಮಿನ ‘ಶ್ರೀ’ ಎರಡಾಗಬಹುದು. ಅದಕ್ಕಾಗಿ ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಇನ್ನೊಮ್ಮೆ ಹೊಲಿಯುವ ಸಣ್ಣ ಫಂಕ್ಷನ್ ಬರೆದೆ: ಒಂದು ತುಂಡಿನ ಕೊನೆಯ ಸಂಕೇತ ವಿರಾಮವಾಗಿದ್ದು, ಮುಂದಿನ ತುಂಡಿನ ಮೊದಲ ಸಂಕೇತ ಕನ್ನಡದ ವ್ಯಂಜನವಾಗಿದ್ದರೆ ಎರಡನ್ನೂ ಕೂಡಿಸು, ಇಲ್ಲದಿದ್ದರೆ ಬಿಡು. ಇಷ್ಟರಿಂದಲೇ ಲಕ್ಷ್ಮಿಗೆ ಎರಡೇ ಅಕ್ಷರ ಸಿಗುತ್ತವೆ. ರಾಜ್‌ಕುಮಾರ್ ಎಂಬಲ್ಲಿ ಆ ಕಾಣದ ಸಂಕೇತ ವಿರಾಮದ ನಂತರ ಬಂದು ಅದೇ ತುಂಡಿಗೆ ಅಂಟಿಕೊಳ್ಳುವುದರಿಂದ ತುಂಡಿನ ಕೊನೆ ವಿರಾಮವಾಗಿರುವುದಿಲ್ಲ, ಆದ್ದರಿಂದ ಬರೆದವರ ಇಷ್ಟದಂತೆ ಜ್ ಮತ್ತು ಕು ಬೇರೆಯಾಗಿಯೇ ಉಳಿಯುತ್ತವೆ. ವಿಶೇಷವಾಗಿ ಏನನ್ನೂ ಸೇರಿಸದೆ ಇದು ಸರಿಹೋದದ್ದು ನನಗೆ ಸಂತೋಷ ಕೊಟ್ಟಿತು. ವ್ಯಂಜನಗಳ ಪಟ್ಟಿಗೆ ಮೇಲೆ ಹೇಳಿದ ‘ೞ’ವನ್ನು ಪ್ರತ್ಯೇಕವಾಗಿ ಸೇರಿಸಬೇಕು, ಏಕೆಂದರೆ ಅದು ಉಳಿದ ವ್ಯಂಜನಗಳ ಸಾಲಿನಿಂದ ದೂರ ಕುಳಿತಿದೆ, ಮುಂಬಯಿಯ ಸದಸ್ಯರಲ್ಲಿ ಆ ಅಕ್ಷರದ ಹೆಸರಿನವರು ಯಾರೂ ಇಲ್ಲದಿದ್ದರೂ ಬಿಟ್ಟುಬಿಡಲು ಮನಸ್ಸು ಬರಲಿಲ್ಲ.

ಇಷ್ಟಾದ ಮೇಲೆ ಗುರುತಿನ ಚೀಟಿಗೆ ಆ ಫಂಕ್ಷನ್ ಬೇಕಾಗಲೇ ಇಲ್ಲ ಎಂಬುದನ್ನೂ ಹೇಳಬೇಕು. ಚೀಟಿಯ ಮೇಲೆ ಇರುವುದು ಜಾಗದ ಪ್ರಶ್ನೆ, ಅಕ್ಷರಗಳ ಸಂಖ್ಯೆಯದಲ್ಲ. ಆರು ಅಕ್ಷರದ ಒಂದು ಹೆಸರು ಎಂಟು ಅಕ್ಷರದ ಇನ್ನೊಂದಕ್ಕಿಂತ ಅಗಲವಾಗಿರಬಹುದು. ಅಗಲ ಗೊತ್ತಿರುವುದು ಬ್ರೌಸರಿಗೆ, ಹಾಗಾಗಿ ಪುಟದ ರೂಪವನ್ನು ಹೇಳುವ ಸಿಎಸ್ಎಸ್ ಮೂಲಕ ಹೆಸರು ಎರಡನೆಯ ಸಾಲಿಗೆ ಇಳಿಯುವಂತೆ ಮಾಡಿ ಕತ್ತರಿಯನ್ನೇ ತೆಗೆದುಹಾಕಿದೆ. ಮನುಷ್ಯರ ಹೆಸರನ್ನು ಯಾವ ಲೆಕ್ಕದಲ್ಲೂ ಮೊಟಕು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಹೊಲಿಗೆಯ ಫಂಕ್ಷನ್ ಕೆಲಸಕ್ಕೆ ಬಂದದ್ದು ಮುಖಪುಟದಲ್ಲಿ, ಸುದ್ದಿಯ ಸಾರಾಂಶವನ್ನು ಇಂತಿಷ್ಟೇ ಅಕ್ಷರಕ್ಕೆ ನಿಲ್ಲಿಸುವ ಕಡೆ, ಮತ್ತು ಭಾವಚಿತ್ರ ಕೊಡದ ಸದಸ್ಯರಿಗೆ ಹೆಸರಿನ ಮೊದಲ ಅಕ್ಷರವನ್ನು ವೃತ್ತದೊಳಗೆ ತೋರಿಸುವ ಕಡೆ. ಶ್ರೀನಿವಾಸರ ವೃತ್ತದಲ್ಲಿ ಹಿಂದೆ ಬರಿಯ ‘ಶ’ ಇತ್ತು, ಈಗ ‘ಶ್ರೀ’ ಇದೆ.

ಯುನಿಟ್‌ಗಳ ಎಣಿಕೆಯೇ ಸರಿಯಾಗಿರುವ ಜಾಗಗಳೂ ಇವೆ. ಸದಸ್ಯರ ಪಟ್ಟಿಯ ಅಂಚಿನಲ್ಲಿರುವ ವರ್ಣಮಾಲೆಯ ಸೂಚಿಗೆ ಹೆಸರಿನ ಮೊದಲ ಒಂದು ಯುನಿಟ್ ಸಾಕು, ಏಕೆಂದರೆ ನಿಘಂಟಿನ ಪದ್ಧತಿಯಂತೆ ಪ್ರಭಾಕರರು ಬರಬೇಕಾದದ್ದು ‘ಪ’ದ ಕೆಳಗೆ, ಕೃಷ್ಣರು ಬರಬೇಕಾದದ್ದು ‘ಕ’ದ ಕೆಳಗೆ. ಎಸ್ಎಂಎಸ್ ವಿಷಯವೂ ಹಾಗೆಯೇ. ಒಂದು ಸಂದೇಶಕ್ಕೆ ಇರುವುದು 140 ಬೈಟ್. ಇಂಗ್ಲಿಷಿಗೆ ಏಳು ಬಿಟ್‌ಗಳ ಲಿಪಿಯಲ್ಲಿ 160 ಅಕ್ಷರ ಹಿಡಿದರೆ, ಕನ್ನಡಕ್ಕೆ ಯುನಿಟ್ ಒಂದಕ್ಕೆ ಎರಡು ಬೈಟ್‌ನಂತೆ 70 ಮಾತ್ರ, ಅದನ್ನು ಮೀರಿದರೆ ಜೋಡಣೆಯ ಮಾಹಿತಿಗೂ ಜಾಗ ಬೇಕಾಗಿ ಪ್ರತಿ ಕಂತಿಗೆ 67. ಕಂಪನಿಯವರು ಹಣ ಎಣಿಸುವುದು ಇದೇ ಯುನಿಟ್‌ಗಳಲ್ಲಿ, ಒತ್ತಕ್ಷರದ ಅಭಿಮಾನ ಅಲ್ಲಿ ನಡೆಯದು. ಅಲ್ಲಿ ಸ್ಟ್ರಿಂಗ್‌ನ ಉದ್ದವನ್ನು ಹಾಗೆಯೇ ತೆಗೆದುಕೊಂಡು, 70 ಮೀರಿದರೆ ಅದರೊಳಗೆ ಬರುವ ಕೊನೆಯ ಖಾಲಿ ಜಾಗವನ್ನು ಹುಡುಕಿ, ಆ ಸ್ಥಾನದವರೆಗೆ ಸ್ಲೈಸ್ ಮಾಡಿದ ಮಾದರಿಯನ್ನು ಕಾರ್ಯದರ್ಶಿಗಳಿಗೆ ತೋರಿಸುತ್ತೇನೆ. ಯಾವ ಪದವನ್ನು ಬಿಡಬೇಕೆಂದು ಅವರೇ ತೀರ್ಮಾನಿಸುತ್ತಾರೆ.

ಸೆಗ್ಮೆಂಟರ್ ಇಲ್ಲದ ಹಳೆಯ ಫೋನುಗಳು ಹಿರಿಯ ಸದಸ್ಯರ ಕೈಯಲ್ಲಿ ಇನ್ನೂ ಇವೆ. ಅವುಗಳಿಗಾಗಿ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಇಟ್ಟಿದ್ದೇನೆ: ಒಂದು ವ್ಯಂಜನ, ಅದರ ನಂತರ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟಾದರೂ, ಆಮೇಲೆ ಇದ್ದರೆ ಸ್ವರಚಿಹ್ನೆ ಅಥವಾ ಕೊನೆಯ ವಿರಾಮ, ಆಮೇಲೆ ಇದ್ದರೆ ಸೊನ್ನೆಯೋ ವಿಸರ್ಗವೋ. ಬಿಡಿಬಿಡಿಯಾದ ಓಕಾರವನ್ನು ಇದು ಹಿಡಿಯಲಾರದಾದ್ದರಿಂದ ಮೊದಲು ನಾರ್ಮಲೈಸ್ ಓಡಲೇಬೇಕು, ಮತ್ತು ಕಾಣದ ಸಂಕೇತಗಳಿಗೆ ವಿರಾಮದ ಅಕ್ಕಪಕ್ಕದಲ್ಲಿ ಜಾಗ ಬಿಡಬೇಕು. ಎಮೋಜಿಗಳು ಇದಕ್ಕೆ ಅರ್ಥವಾಗುವುದಿಲ್ಲ, ಸಂಘದ ಸುದ್ದಿಗಳಲ್ಲಿ ಅವುಗಳ ಬಳಕೆಯೂ ಇಲ್ಲ.